ಹೊಗೆ ಹೋದ ಮೇಲೆ ಬಂದ ಬಣ್ಣ

ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹಳೆಯ ಮನೆಯನ್ನು ಕೆಡವದೆ ರಿಪೇರಿ ಮಾಡಿಸಿಕೊಳ್ಳುವವರು ಈಗಲೂ ಇದ್ದಾರೆ. ಮಾಳಿಗೆಯ ಮಣ್ಣು ಇಳಿಸಿ ಸ್ಲ್ಯಾಬ್ ಹಾಕಿಸುವುದು, ನೆಲಕ್ಕೆ ಟೈಲ್ಸ್ ಕೂಡಿಸುವುದು, ಬಚ್ಚಲಿಗೆ ನಳ ಎಳೆಸುವುದು, ಇವುಗಳಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನ ಹುಟ್ಟುವುದು ಅಡಿಗೆಮನೆಯ ಗೋಡೆಯೊಳಗೆ ಕೂತಿರುವ ಕಟ್ಟಿಗೆಯ ಕಪಾಟಿನ ಮುಂದೆ. ಒಂದು ಕೈ ಆಯಿಲ್ ಪೇಂಟ್ ಹೊಡೆದುಬಿಡೋಣ ಎನ್ನುತ್ತಾನೆ ಪೇಂಟರ್. ಬೆಂಗಳೂರಿನಿಂದ ಬಂದ ಮಗನೋ ಸೊಸೆಯೋ ಬೇಡವೆನ್ನುತ್ತಾರೆ: ಇದ್ದ ಬಣ್ಣವನ್ನೆಲ್ಲ ಕೆರೆಸಿ ಮರದ ‘ಅಸಲಿ’ ರೂಪ ಕಾಣುವಂತೆ ಪಾಲಿಶ್ ಮಾಡಿಸಬೇಕು, ಮತ್ತೆ ಬಣ್ಣ ಬಳಿದರೆ ಹಿರಿಯರ ಮನೆಗೆ ಮಸಿ ಬಳಿದಂತೆ ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ, ಆದರೆ ಇತಿಹಾಸ ಹಾಗಿಲ್ಲ. ಈ ಸೀಮೆಯ ಅಡಿಗೆಮನೆಯಲ್ಲಿ ಬರಿಯ ಮರ ಎಂಬುದು ಯಾವ ಕಾಲದಲ್ಲೂ ಇರಲಿಲ್ಲ. ಮಸಿ ಮೊದಲಿನಿಂದಲೂ ಇತ್ತು. ಬಣ್ಣ ಬಂದು ಕೂತದ್ದು ಆ ಮಸಿಯ ಜಾಗದಲ್ಲಿ.

ಮೊದಲು ಕಪಾಟಿನ ವಯಸ್ಸು ನೋಡೋಣ. ಇಂದು ಹಾವೇರಿ ತಾಲ್ಲೂಕಿನ ಒಂದು ಊರಾಗಿರುವ ಕರ್ಜಗಿ, ಬ್ರಿಟಿಷರ ಮುಂಬೈ ಇಲಾಖೆಯಲ್ಲಿ ತಾನೇ ಒಂದು ತಾಲ್ಲೂಕಿನ ಹೆಸರಾಗಿತ್ತು. ಹಾವೇರಿ ಪೇಟೆ ಅದರೊಳಗಿತ್ತು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬೈ ಗೆಜೆಟಿಯರಿನ ಧಾರವಾಡ ಸಂಪುಟ 1884ರಲ್ಲಿ ಅಚ್ಚಾಯಿತು. ಜಾತಿವಾರು ಮನೆ, ಪಾತ್ರೆಪಡಗ, ಉಡುಗೆತೊಡುಗೆಗಳ ವಿವರ ಅದರಲ್ಲಿ ಸಾಲುಸಾಲಾಗಿ ಬರುತ್ತದೆ. ಮಣ್ಣಿನ ಗೋಡೆ, ಸಪಾಟು ಮಾಳಿಗೆ, ಮನೆಯ ಸಾಮಾನಿನಲ್ಲಿ ಪಾತ್ರೆ ಗಡಿಗೆಗಳದ್ದೇ ದೊಡ್ಡ ಪಾಲು. ಅಂಥ ಮನೆಯಲ್ಲಿ ಸಾಮಾನು ಇಡಲು ಕಟ್ಟಿಗೆಯ ಕಪಾಟೇ ಬೇಕೆಂದಿರಲಿಲ್ಲ. ಹೆಂಟೆಗೋಡೆ ಎರಡು ಮೂರು ಅಡಿ ದಪ್ಪ. ಕಟ್ಟುವಾಗಲೇ ಅಲ್ಲಲ್ಲಿ ಮಾಡ ಬಿಟ್ಟರೆ ದೀಪಕ್ಕೊಂದು, ಉಪ್ಪಿನ ಗಡಿಗೆಗೊಂದು, ದೇವರಿಗೊಂದು ಜಾಗ ತಾನಾಗಿ ಒದಗುತ್ತಿತ್ತು. ಬೆಕ್ಕಿನ ಬಾಯಿಗೆ ಸಿಗದಂತೆ ಹಾಲು ಮೊಸರು ನೆಲುವಿನ ಮೇಲೆ ತೂಗುತ್ತಿದ್ದವು. ಬೇಳೆ, ಬೆಲ್ಲ, ಮೆಣಸಿನಕಾಯಿ ಒಂದರ ಮೇಲೊಂದು ಏರಿಸಿದ ಅಡಕಲ ಗಡಿಗೆಗಳಲ್ಲಿ, ಜೋಳ ನೆಲದೊಳಗಿನ ಹಗೇವಿನಲ್ಲಿ. ಕಪಾಟು ಬಂದದ್ದು ಇವೆಲ್ಲ ಆದ ಮೇಲೆ, ಅದೂ ಹೊಸ ಸಾಮಾನಾಗಿ ಬರಲಿಲ್ಲ. ಇದ್ದ ಮಾಡಕ್ಕೆ ಒಂದು ಚೌಕಟ್ಟು, ಎರಡು ಹಲಗೆ, ಎರಡು ಬಾಗಿಲು, ಒಂದು ಚಿಲಕ ಕೂಡಿಸಿದರೆ ಅದೇ ಕಪಾಟಾಯಿತು. ಅದಕ್ಕೇ ಹಳೆಯ ಮನೆಗಳ ಕಪಾಟುಗಳು ಗೋಡೆಯಿಂದ ಹೊರಗೆ ಚಾಚಿಕೊಂಡಿಲ್ಲ, ಗೋಡೆಯ ಹೊಟ್ಟೆಯೊಳಗೇ ಕೂತಿವೆ. ಕೀಳಲು ಹೋದರೆ ಮಣ್ಣೂ ಜೊತೆಗೆ ಉದುರುತ್ತದೆ.

ಇದನ್ನು ಮಾಡುತ್ತಿದ್ದವರು ಊರ ಬಡಿಗೇರರು. ಕುಂಟಿ, ಕೂರಿಗೆ, ನೇಗಿಲು, ಬಂಡಿಯ ರಿಪೇರಿಗೆ ಅವರಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ ಸಿಗುತ್ತಿತ್ತು. ಮನೆಯೊಳಗಿನ ಕಪಾಟು ಆಯದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಬೇರೆ ಕೂಲಿ, ಬೇರೆ ಕಟ್ಟಿಗೆ. ಕಟ್ಟಿಗೆಯ ಮಾತು ಬಂದಾಗ ‘ಅಸಲಿ ಸಾಗವಾನಿ’ ಎಂಬ ಹೆಮ್ಮೆಯನ್ನು ಒರೆಗೆ ಹಚ್ಚಬೇಕಾಗುತ್ತದೆ. ಸಾಗವಾನಿ ಬೆಳೆಯುವುದು ಪಶ್ಚಿಮಕ್ಕೆ, ಹಾನಗಲ್ಲಿನ ಅಂಚಿನಿಂದ ಆಚೆ ಮುಂಡಗೋಡ, ಯಲ್ಲಾಪುರ, ಹಳಿಯಾಳ, ದಾಂಡೇಲಿಯ ಕಾಡಿನಲ್ಲಿ. ಆ ಮರದ ಮೇಲೆ ಸರಕಾರದ ಕಣ್ಣು ಬಹಳ ಹಿಂದಿನದು. ಹಡಗು ಕಟ್ಟಲು ತೇಗ ಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1806ರಲ್ಲೇ ಪಶ್ಚಿಮ ಕರಾವಳಿಯ ಕಾಡುಗಳಿಗೆ ಒಬ್ಬ ಕನ್ಸರ್ವೇಟರನನ್ನು ನೇಮಿಸಿತ್ತು. 1878ರ ಅರಣ್ಯ ಕಾಯ್ದೆ ಮೀಸಲು ಕಾಡಿಗೆ ಬೇಲಿ ಹಾಕಿತು. ದೇಸಾಯರ, ಇನಾಂದಾರರ ವಾಡೆಗಳಿಗೆ ಸಾಗವಾನಿ ಸಿಕ್ಕಿತು. ವರದಾ ನದಿಯ ದಂಡೆಯ ಎರಿಭೂಮಿಯ ಒಕ್ಕಲಿಗೆ ಸಿಕ್ಕಿದ್ದು ಹೊಲದ ಬದುವಿನ ಬೇವು, ಜಾಲಿ, ಹಿತ್ತಲ ಮಾವು, ಪೇಟೆಯಿಂದ ತಂದ ಮತ್ತಿ. ಒಂದೇ ಕಪಾಟಿನಲ್ಲಿ ಚೌಕಟ್ಟು ಜಾಲಿಯದು, ಬಾಗಿಲು ಬೇವಿನದು, ಒಳಹಲಗೆ ಹಳೆಯ ಪೆಟ್ಟಿಗೆಯದು ಆಗಿರುವುದು ಅಪರೂಪವಲ್ಲ. ಗಂಟು, ಸೀಳು, ಮೂರು ಬಗೆಯ ಬಣ್ಣದ ಮರ. ಇದನ್ನು ಕೆರೆದು ಪಾಲಿಶ್ ಮಾಡಿದರೆ ಕಾಣುವುದು ಪರಂಪರೆಯಲ್ಲ, ಬಡಿಗೇರನು ಮುಚ್ಚಿಡಲು ಬಯಸಿದ್ದ ತೇಪೆ. ಮುಚ್ಚಲಿಕ್ಕೆಂದೇ ಮಾಡಿದ್ದನ್ನು ತೆರೆದು ತೋರಿಸುವುದರಲ್ಲಿ ಅವನ ಕಸುಬಿಗೆ ಗೌರವವೇನೂ ಇಲ್ಲ.

ಬಣ್ಣ ಬರುವ ಮುಂಚೆ ಮುಚ್ಚಿದ್ದು ಏನು? ಹೊಗೆ. ಮಾಳಿಗೆಮನೆಯ ಅಡಿಗೆಮನೆ ಸಾಮಾನ್ಯವಾಗಿ ಒಳಭಾಗದಲ್ಲಿ, ಕಿಟಕಿಯಿಲ್ಲದ ಕಡೆ ಇರುತ್ತಿತ್ತು. ಬೆಳಕು ಬರಲೂ ಹೊಗೆ ಹೋಗಲೂ ಇದ್ದದ್ದು ಮಾಳಿಗೆಯಲ್ಲಿ ಕೊರೆದ ಒಂದೇ ಬೆಳಕಿಂಡಿ. ಮಳೆ ಬಂದರೆ ಅದರ ಮೇಲೂ ಮುಚ್ಚಳ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಉರಿಸಿದ ಒಲೆ ದಿನಕ್ಕೆ ಎರಡು ಹೊತ್ತು ಉಗುಳಿದ ಹೊಗೆ, ಒಗ್ಗರಣೆಯ ಎಣ್ಣೆಯ ಜಿಡ್ಡಿನೊಂದಿಗೆ ಸೇರಿ ಜಂತಿ, ತೊಲೆ, ಹಲಗೆಗಳ ಮೇಲೆ ಪದರ ಕಟ್ಟುತ್ತಿತ್ತು. ಹತ್ತಿಪ್ಪತ್ತು ವರ್ಷದಲ್ಲಿ ಆ ಪದರ ಡಾಂಬರಿನಂತೆ ಹೊಳೆಯುವ ಕರಿ ಮೆರುಗಾಗುತ್ತದೆ. ಅದನ್ನು ಯಾರೂ ಬಳಿದದ್ದಲ್ಲ, ಆದರೆ ಕೆಲಸ ಮಾತ್ರ ವಾರ್ನಿಶಿನದೇ: ಹೊಗೆ ಹಿಡಿದ ಕಟ್ಟಿಗೆಗೆ ಕುಟ್ಟೆಹುಳು, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಗೋಡೆಗೆ ಪ್ರತಿ ಹಬ್ಬಕ್ಕೂ ಸುಣ್ಣ, ನೆಲಕ್ಕೆ ಸಗಣಿ ಸಾರಣೆ, ಗೋಡೆಯ ಬುಡಕ್ಕೆ ಕೆಮ್ಮಣ್ಣು. ಇವನ್ನೆಲ್ಲ ಮನೆಯ ಹೆಣ್ಣುಮಕ್ಕಳೇ ಮಾಡುತ್ತಿದ್ದರು. ಕಟ್ಟಿಗೆಯ ಪಾಲಿಗೆ ಸುಣ್ಣವಿಲ್ಲ, ಮಣ್ಣೂ ಇಲ್ಲ. ಹೆಚ್ಚೆಂದರೆ ದಸರೆಗೆ ಒಮ್ಮೆ ತೊಳೆದು ಒಂದಿಷ್ಟು ಎಣ್ಣೆ ಕೈ ಒರೆಸುವುದು. ಎಣ್ಣೆ ಬೇಕೆಂದರೆ ಅಗಸಿ ಈ ಸೀಮೆಯದೇ ಬೆಳೆ. ಅದರ ಚಟ್ನಿಪುಡಿ ರೊಟ್ಟಿಯ ಜೊತೆ ಇರುತ್ತದೆ. ಅದರ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯದು, ಜಗತ್ತಿನ ಹಳೆಯ ಎಣ್ಣೆಬಣ್ಣಗಳಲ್ಲಿ ಬಹುಪಾಲಿಗೆ ಅದೇ ತಳಹದಿ.

ಹಾಗಾದರೆ ಕಟ್ಟಿಗೆಗೆ ಬಣ್ಣ ಹಚ್ಚುವ ಕಲೆಯೇ ಇಲ್ಲಿ ಇರಲಿಲ್ಲವೆ ಎಂದರೆ, ಧಾರಾಳವಾಗಿ ಇತ್ತು. ಹಾವೇರಿಗೆ ವಾಯವ್ಯಕ್ಕೆ ಸ್ವಲ್ಪ ದೂರದ ಕಲಘಟಗಿಯ ತೊಟ್ಟಿಲು ಇದಕ್ಕೆ ಎದ್ದುಕಾಣುವ ಸಾಕ್ಷಿ. ಸಾಗವಾನಿಯಲ್ಲಿ ಕಡೆದ ಆ ತೊಟ್ಟಿಲುಗಳನ್ನು ಚಿತ್ರಗಾರರು ಅರಗಿನ ಬಣ್ಣಗಳಿಂದ ತುಂಬುತ್ತಾರೆ. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಬಳ್ಳಿ, ಹೂವು, ಗಿಳಿ. ಮೂರು ತಲೆಮಾರಿನ ಮಕ್ಕಳು ಮಲಗಿ ಎದ್ದರೂ ಬಣ್ಣ ಮಾಸದ ತೊಟ್ಟಿಲುಗಳು ಈ ಭಾಗದ ಮನೆಗಳಲ್ಲಿ ಇವೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ದೇವರುಗಳಿಗೆ, ಗೊಂಬೆಗಳಿಗೆ ಬಣ್ಣ. ನವಲಗುಂದದಲ್ಲಿ ಹೋಳಿಯ ಕಾಮಣ್ಣನಿಗೆ ಬಣ್ಣ. ಇವುಗಳಲ್ಲಿ ಯಾವುದನ್ನಾದರೂ ‘ಮರದ ಅಸಲಿ ಸೊಬಗು ಕಾಣಲಿ’ ಎಂದು ಕೆರೆಸಲು ಯಾರೂ ಒಪ್ಪುವುದಿಲ್ಲ. ಮರಕ್ಕೆ ಬಣ್ಣ ಎಂದರೆ ಇಲ್ಲಿ ಮಂಗಳದ ಗುರುತು. ದೇವರಿಗೆ, ಮಗುವಿಗೆ, ಹಬ್ಬಕ್ಕೆ ಸಲ್ಲುವ ಮರ್ಯಾದೆ ಅದು. ಅಡಿಗೆಮನೆಯ ಕಪಾಟಿಗೆ ಆ ಮರ್ಯಾದೆ ಸಿಗದೆ ಹೋದದ್ದು ಬರಿಯ ಮರದ ಮೇಲಿನ ಪ್ರೀತಿಯಿಂದಲ್ಲ. ಅರಗಿನ ಬಣ್ಣ ದುಬಾರಿ, ಹೊಗೆಯ ಎದುರು ಯಾವ ಬಣ್ಣವೂ ನಿಲ್ಲದು.

ಮರ್ಯಾದೆ ಅಗ್ಗವಾಗಿ ಸಿಕ್ಕಿದ್ದು ಡಬ್ಬದಲ್ಲಿ ಬಂದ ಎಣ್ಣೆಬಣ್ಣದಿಂದ. ಹುಬ್ಬಳ್ಳಿಯಿಂದ ಹರಿಹರದ ಕಡೆಗಿನ ಸದರ್ನ್ ಮರಾಠಾ ರೈಲುಹಾದಿ 1880ರ ದಶಕದಲ್ಲಿ ಕರ್ಜಗಿಯನ್ನು ಹಾದುಹೋಯಿತು. ಸ್ಟೇಶನ್ನಿನ ಬಾಗಿಲು, ಕಂಬ, ಗೇಟುಗಳ ಮೇಲೆ ಕಂಪನಿಯ ಬಣ್ಣ ಊರಿನವರ ಕಣ್ಣಿಗೆ ದಿನವೂ ಬೀಳತೊಡಗಿತು. ದೇಶದಲ್ಲಿ ಬಣ್ಣದ ಕಾರ್ಖಾನೆಗಳು ಶುರುವಾದದ್ದು ಆಮೇಲೆ: 1902ರಲ್ಲಿ ಹೌರಾದಲ್ಲಿ ಶಾಲಿಮಾರ್, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಾಕಿದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ (ಮುಂದೆ ಮತದಾರರ ಬೆರಳಿನ ಶಾಯಿಗೆ ಹೆಸರಾದದ್ದು ಇದೇ), 1942ರಲ್ಲಿ ಮುಂಬೈಯಲ್ಲಿ ಏಷ್ಯನ್ ಪೇಂಟ್ಸ್. ನಮ್ಮ ಕಥೆಗೆ ಹೆಚ್ಚು ಬೇಕಾದದ್ದು ಕೊನೆಯದು. ಆ ಕಂಪನಿಯ ಬೆಳವಣಿಗೆಯ ಬಗ್ಗೆ ವ್ಯಾಪಾರದವರು ಹೇಳುವ ಒಂದು ಸಂಗತಿ ಇದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಪೋಳಾ ಹಬ್ಬಕ್ಕೆ ಎತ್ತಿನ ಕೊಂಬಿಗೆ ಬಳಿಯಲು ರೈತರಿಗೆ ಚಿಕ್ಕ ಅಳತೆಯ ಬಣ್ಣ ಬೇಕಾಗಿತ್ತು, ದೊಡ್ಡ ಕಂಪನಿಗಳು ದೊಡ್ಡ ಡಬ್ಬವನ್ನೇ ಮಾರುತ್ತಿದ್ದವು, ಇವರು ಸಣ್ಣ ಡಬ್ಬ ತಂದು ಗೆದ್ದರು. ಪೇಟೆಯ ಬಂಗಲೆ ಬಿಟ್ಟು ಬಣ್ಣ ಹಳ್ಳಿಗೆ ನಡೆದ ದಾರಿ ಅದು. 1954ರಲ್ಲಿ ಅವರಿಗಾಗಿ ಕೈಯಲ್ಲಿ ಕುಂಚ ಹಿಡಿದ ಪೋರ ಗಟ್ಟುವನ್ನು ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್.

ಮಹಾರಾಷ್ಟ್ರಕ್ಕೆ ಪೋಳಾ ಹೇಗೋ ಉತ್ತರ ಕರ್ನಾಟಕಕ್ಕೆ ಕಾರಹುಣ್ಣಿಮೆ ಹಾಗೆ, ಕರ್ಜಗಿಯ ಕಾರಹುಣ್ಣಿಮೆಯಂತೂ ಜಿಲ್ಲೆಗೆಲ್ಲ ಹೆಸರುವಾಸಿ. ಮುಂಗಾರು ಬಿತ್ತನೆಯ ಹೊತ್ತಿಗೆ ಬರುವ ಆ ಹಬ್ಬದಲ್ಲಿ ಎತ್ತುಗಳ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ಗೊಂಡೆ ಕಟ್ಟಿ ಮೆರೆಸುತ್ತಾರೆ. ಕೊಂಬಿಗೆ ಹಚ್ಚುವುದು ಎನಾಮೆಲ್ ಬಣ್ಣವನ್ನೇ, ಮಳೆಗೆ ತೊಳೆದುಹೋಗಬಾರದಲ್ಲ. ಎರಡು ಜೋಡಿ ಎತ್ತಿಗೆ ಅರ್ಧ ಡಬ್ಬವೂ ಹಿಡಿಯುವುದಿಲ್ಲ. ಉಳಿದದ್ದನ್ನು ಹಾಗೇ ಬಿಟ್ಟರೆ ಮೇಲೆ ಕೆನೆಗಟ್ಟಿ ಕೆಡುತ್ತದೆ ಎಂದು ಬಂಡಿಯ ಮೂಕಿಗೆ, ತಲೆಬಾಗಿಲಿಗೆ, ಪಡಸಾಲೆಯ ಕಿಟಕಿಗೆ ಒಂದು ಕೈ ಎಳೆಯುವುದು ಒಕ್ಕಲಿಗನ ಸಹಜ ಬುದ್ಧಿ. ಹಳ್ಳಿಯ ಬಾಗಿಲುಗಳ ಮೇಲೆ ಇಂದಿಗೂ ಕಾಣುವ ಗಿಳಿಹಸಿರು, ಆಕಾಶನೀಲಿ, ಕಡುಗೆಂಪು ಬಣ್ಣಗಳು ಕಾರಹುಣ್ಣಿಮೆಯ ಕೊಂಬುಗಳ ಮೇಲೂ ಇವೆ. ಎರಡು ಕಡೆಯೂ ಒಂದೇ ಬಣ್ಣದ ಪಟ್ಟಿ ಇರುವುದು ಆಕಸ್ಮಿಕವೆಂದು ನಂಬುವುದು ಕಷ್ಟ. ಎಣ್ಣೆಬಣ್ಣ ನಗರದ ಷೋಕಿಯಾಗಿ ಹಳ್ಳಿಯ ಮನೆ ಹೊಕ್ಕಿತು ಎನ್ನುವವರು ಈ ದಾರಿಯನ್ನು ಮರೆಯುತ್ತಾರೆ. ಅದು ಬಂದದ್ದು ದನದ ಕೊಟ್ಟಿಗೆಯ ಬಾಗಿಲಿನಿಂದ.

ಅಲ್ಲಿಂದ ಅಡಿಗೆಮನೆಗೆ ನಾಲ್ಕು ಹೆಜ್ಜೆ, ಆದರೆ ಆ ನಾಲ್ಕು ಹೆಜ್ಜೆಗೆ ಬಹಳ ವರ್ಷ ಬೇಕಾಯಿತು. ಒಂದು ಕಾರಣ ಮಡಿ. ಬ್ರಾಹ್ಮಣರಲ್ಲಾಗಲಿ ಲಿಂಗಾಯತರಲ್ಲಾಗಲಿ ಹೊರಗಿನವರನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುವ ರೂಢಿ ಇರಲಿಲ್ಲ. ಸುಣ್ಣ ಸಾರಣೆಯನ್ನು ಮನೆಯ ಹೆಂಗಸರು ಮಾಡಬಹುದು, ಎನಾಮೆಲ್ ಹೊಡೆಯಲು ಪೇಂಟರ್ ಎರಡು ಮೂರು ದಿನ ಒಳಗೇ ಇರಬೇಕು, ಅಷ್ಟು ದಿನ ಒಲೆ ಆರಬೇಕು. ಇನ್ನೊಂದು, ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು, ಅದೇ ಹೊಗೆ. ಜಿಡ್ಡುಮಸಿಯ ಮೇಲೆ ಎಣ್ಣೆಬಣ್ಣ ಕಚ್ಚುವುದಿಲ್ಲ. ತಿಂಗಳಾದರೂ ಅಂಟಂಟಾಗಿ ಉಳಿದು, ಆಮೇಲೆ ಹಪ್ಪಳದಂತೆ ಏಳುತ್ತದೆ. ಕಚ್ಚಿದರೂ ವರ್ಷದೊಳಗೆ ಮತ್ತೆ ಕಪ್ಪು. ಬಣ್ಣಕ್ಕೆ ಹಾಕಿದ ದುಡ್ಡು ಉಳಿಯಬೇಕಾದರೆ ಒಲೆ ಬದಲಾಗಬೇಕಿತ್ತು, ಅದು ಮೆಲ್ಲಮೆಲ್ಲನೆ ಬದಲಾಯಿತು. ಮೊದಲು ಚಹಾ ಕಾಸಲು ಸೀಮೆಎಣ್ಣೆಯ ಪಂಪ್ ಸ್ಟೋವು, ಬತ್ತಿ ಸ್ಟೋವು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಹೊಗೆಕೊಳವೆಯ ಅಸ್ತ್ರ ಒಲೆ. ಪೇಟೆಯ ಮನೆಗಳಿಗೆ ಗ್ಯಾಸ್: 1955ರಲ್ಲಿ ಮುಂಬೈಗೆ ಬರ್ಮಾಷೆಲ್ಲಿನ ಸಿಲಿಂಡರು, 1965ರಿಂದ ಇಂಡೇನ್, ನಂತರದ ದಶಕಗಳಲ್ಲಿ ಹಾವೇರಿ ರಾಣೆಬೆನ್ನೂರಿನಂಥ ಊರುಗಳಿಗೆ ಏಜೆನ್ಸಿ, ಹಳ್ಳಿಯ ಬಡ ಮನೆಗಳಿಗಂತೂ 2016ರ ಉಜ್ವಲಾ ಯೋಜನೆಯ ನಂತರ. ನೆಲದ ಒಲೆ ಹೋಗಿ ನಿಂತು ಅಡಿಗೆ ಮಾಡುವ ಕಟ್ಟೆ ಬಂದಾಗ ಕಪಾಟು ಕಣ್ಣಿನ ಎತ್ತರಕ್ಕೆ ಬಂತು, ಅದರ ಕಪ್ಪು ಮೊದಲ ಸಲ ಕೊಳೆಯಂತೆ ಕಂಡಿತು.

ಹಳೆಯ ಕಪಾಟಿನ ಬಿಜಾಗರಿಯ ಪಕ್ಕ ಬಣ್ಣ ಎದ್ದು ಬಂದ ಕಡೆ ಚಕ್ಕೆಯ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಈ ಕಥೆ ಪದರಪದರವಾಗಿ ಓದಲು ಸಿಗುತ್ತದೆ. ಎಲ್ಲಕ್ಕಿಂತ ಕೆಳಗೆ ಮರದ ರಂಧ್ರಕ್ಕೇ ಇಳಿದ ಕರಿ. ಅದರ ಮೇಲೆ ಗುಲಾಬಿ ಛಾಯೆಯ ಪ್ರೈಮರ್, ಪೇಂಟರ್ ಮೊದಲ ಬಾರಿಗೆ ಅಡಿಗೆಮನೆಗೆ ಬಂದದ್ದಕ್ಕೆ ಅದೇ ರುಜು. ಆಮೇಲೆ ಹಸಿರು, ಅದರ ಮೇಲೆ ನೀಲಿ, ನಡುವೆ ತೆಳ್ಳಗೆ ಮತ್ತೊಂದು ಹೊಗೆಗೆರೆ, ಮೇಲೆ ಕೆನೆಬಿಳಿ ಅಥವಾ ಕಂದು. ಬಿಜಾಗರಿಯ ತಿರುಪುಮೊಳೆಯ ತಲೆ ಬಣ್ಣದಲ್ಲಿ ಹೂತು ಗುಂಡಗಾಗಿ, ಸ್ಕ್ರೂಡ್ರೈವರ್ ತೂರಲು ಗೆರೆಯೇ ಉಳಿದಿರುವುದಿಲ್ಲ. ಬಾಗಿಲ ಹೊರಮೈಗೆ ಐದು ಕೋಟು ಬಿದ್ದಿದ್ದರೂ ಒಳಹಲಗೆಗೆ ಒಂದೂ ಇರುವುದಿಲ್ಲ. ಅಲ್ಲಿ ಅರಿಸಿನ, ಎಣ್ಣೆಡಬ್ಬದ ಉಂಗುರ, ಹಳೆಯ ದಿನಪತ್ರಿಕೆಯ ಹಾಸು. ಯಾವ ಗೆಜೆಟಿಯರೂ ಬರೆದಿಡದ ದಾಖಲೆ ಇದು.

ಹೊಗೆ ಹೋದ ಅಡಿಗೆಮನೆ ಬಣ್ಣಕ್ಕೆ ಕೈಚಾಚುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಮಾರ್ಗರೆಟ್ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ವಸತಿಗಳಿಗೆಂದು ಒಂದು ಪುಟ್ಟ ಅಡಿಗೆಮನೆ ರೂಪಿಸಿದಳು. ಗೋಡೆಗೇ ಕೂಡಿಸಿದ ಕಟ್ಟಿಗೆಯ ಕಪಾಟುಗಳು, ಗ್ಯಾಸ್ ಒಲೆ, ಕೈಗೆಟಕುವಂತೆ ಖಾನೆಗಳು. ಅಂಥ ಹತ್ತು ಸಾವಿರದಷ್ಟು ಅಡಿಗೆಮನೆಗಳು ಎದ್ದವು. ಇಂದಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಅದು. ಅಲ್ಲಿ ಕಪಾಟುಗಳಿಗೆ ಬರಿಯ ಮರ ಬಿಡಲಿಲ್ಲ, ನೀಲಿಹಸಿರು ಬಣ್ಣ ಬಳಿದರು, ನೊಣ ಆ ಬಣ್ಣದ ಮೇಲೆ ಕೂರುವುದಿಲ್ಲವೆಂಬ ನಂಬಿಕೆಯಿಂದ. ನಮ್ಮ ಕಡೆ ಸುಣ್ಣಕ್ಕೆ ನೀಲಿ ಬೆರೆಸುವವರಲ್ಲೂ ಹುಳಹುಪ್ಪಡಿಯ ಬಗ್ಗೆ ಅಂಥದೇ ಮಾತಿದೆ. ನೊಣ ಏನು ತೀರ್ಮಾನಿಸಿತೋ, ಆದರೆ ಹೊಗೆಯಿಲ್ಲದ ಒಲೆಯೂ ಬಣ್ಣದ ಕಪಾಟೂ ಎರಡೂ ಕಡೆ ಜೊತೆಯಾಗಿಯೇ ಬಂದವು.

ಈ ವಾದಕ್ಕೆ ಆಕ್ಷೇಪಗಳಿವೆ. ಕಟ್ಟಿಗೆ ಒಲೆ ಉರಿಯುತ್ತಿದ್ದಾಗಲೇ ಬಣ್ಣ ಹಚ್ಚಿದ ಅಡಿಗೆಮನೆಗಳಿದ್ದವಲ್ಲ ಎನ್ನಬಹುದು. ಇದ್ದವು, ಮೇಲೆ ಹೇಳಿದ ಚಕ್ಕೆಯಲ್ಲಿ ಹಸಿರು ನೀಲಿಗಳ ನಡುವಿನ ಹೊಗೆಗೆರೆ ಅದನ್ನೇ ಹೇಳುತ್ತದೆ. ಹೊತ್ತಿಗೆ ಮುಂಚೆ ಬಂದ ಬಣ್ಣವನ್ನು ಹೊಗೆ ಮತ್ತೆ ನುಂಗಿತು, ಒಲೆ ಪೂರ್ತಿ ಬದಲಾದ ಮೇಲೆ ಬಣ್ಣ ನಿಂತಿತು. ವಾಡೆಗಳ ಕೆತ್ತನೆಯ ಸಾಗವಾನಿ ಬಾಗಿಲುಗಳ ಮಾತು ಬೇರೆಯಲ್ಲವೆ ಎಂಬುದು ಇನ್ನೊಂದು. ಹೌದು, ಬೇರೆ. ಕೆತ್ತನೆಯ ಸಂದಿಗೆ ಎನಾಮೆಲ್ ತುಂಬುವುದು ಕೆಟ್ಟ ಕೆಲಸವೇ, ಅಲ್ಲಿ ಬಣ್ಣ ತೆಗೆಸಲು ಕಾರಣವಿದೆ. ಆದರೆ ಪಡಸಾಲೆಯ ಬಾಗಿಲಿನ ನ್ಯಾಯವನ್ನು ಅಡಿಗೆಮನೆಯ ತೇಪೆಕಪಾಟಿನ ಮೇಲೆ ಹೇರುವುದು ಸಲ್ಲದು. ಆ ಮನೆ ಕಟ್ಟಿದವರೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿರಲಿಲ್ಲ. ಎನಾಮೆಲ್ ಮರದ ಉಸಿರು ಕಟ್ಟಿಸುತ್ತದೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆಯುತ್ತದೆ. ಕಪಾಟಿನ ಬೆನ್ನನ್ನೂ ಒಳಗನ್ನೂ ಮುಖವನ್ನೂ ಸೇರಿಸಿ ಮುಚ್ಚಿದರೆ ಆ ತೇವ ಒಳಗೇ ಕೂತು ಮರ ಕೊಳೆಯಬಹುದು. ಹಳೆಯ ಪೇಂಟರುಗಳು ದುಡ್ಡು ಉಳಿಸಲೆಂದೋ ಏನೋ ಒಳಹಲಗೆಗೆ ಕೈ ಹಚ್ಚದೆ ಬಿಟ್ಟದ್ದು ಈ ದೃಷ್ಟಿಯಿಂದ ಜಾಣತನವೇ ಆಯಿತು.

ನಿಜವಾಗಿ ತೂಕದ ಆಕ್ಷೇಪ ಒಂದೇ, ಸೀಸ. ಹಳೆಯ ಎಣ್ಣೆಬಣ್ಣಗಳಲ್ಲಿ ಬಿಳಿಗೆ ಸಫೇದಾ, ಕೆಂಪಿಗೆ ಸೀಸದ ಸಿಂಧೂರ, ಹಳದಿಗೆ ಸೀಸದ ಕ್ರೋಮೇಟು ಬೆರೆಯುತ್ತಿದ್ದವು. ಆ ಹಳದಿಗೆ ನೀಲಿ ಕೂಡಿಸಿ ಮಾಡಿದ ಹಸಿರೇ ಬಾಗಿಲುಗಳ ಮೇಲೆ ನಾವು ಕಾಣುವ ಎಷ್ಟೋ ಹಸಿರುಗಳ ಮೂಲ. ಅಮೆರಿಕ ಮನೆಗಳ ಬಣ್ಣದಲ್ಲಿ ಸೀಸವನ್ನು 1978ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಅಂಥವರು 1990ರ ದಶಕದಿಂದ ಮಕ್ಕಳ ರಕ್ತದ ಸೀಸದ ಬಗ್ಗೆ ಎಚ್ಚರಿಸುತ್ತ ಬಂದರೂ, ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಹೊರಬಿದ್ದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಯಾವ ಕೋಟಿನ ಬಗ್ಗೆಯೂ ನಿಶ್ಚಿಂತೆಯಿಂದ ಇರುವಂತಿಲ್ಲ. ಸೀಸವಿದೆ, ಆದ್ದರಿಂದ ಎಲ್ಲವನ್ನೂ ಕೆರೆದು ಬರಿಯ ಮರಕ್ಕೆ ಹೋಗೋಣ ಎಂಬ ವಾದ ಇಲ್ಲಿ ತಲೆಕೆಳಗಾಗುತ್ತದೆ. ಒಣಗಿದ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿರುವವರೆಗೆ ಸೀಸ ಅದರೊಳಗೇ ಬಂದಿ. ಪಾಲಿಶ್ ಪೇಪರಿನಿಂದ ಒಣದಾಗಿ ಉಜ್ಜಿದಾಗ, ಗ್ಯಾಸ್ ಜ್ವಾಲೆ ಹಿಡಿದು ಸುಟ್ಟಾಗ ಅದು ಧೂಳಾಗಿ, ಹೊಗೆಯಾಗಿ ಉಜ್ಜುವವನ ಪುಪ್ಪುಸಕ್ಕೆ, ರೊಟ್ಟಿಯ ಬುಟ್ಟಿಗೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಹೋಗುತ್ತದೆ. ಅಸಲಿ ಮರದ ಹಂಬಲವೇ ಅಡಿಗೆಮನೆಗೆ ವಿಷವನ್ನು ಬಿಡಿಸಿ ಹಾಕುವ ಕೆಲಸ.

ಆದ್ದರಿಂದ ಹಳೆಯ ಮನೆ ರಿಪೇರಿ ಮಾಡಿಸುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ಕಪಾಟು ಗಟ್ಟಿಯಾಗಿದ್ದರೆ ಕೀಳಿಸಬೇಡಿ, ಕೆರೆಸಲೂ ಬೇಡಿ. ವಾಷಿಂಗ್ ಸೋಡಾ ನೀರಿನಿಂದ ಜಿಡ್ಡು ತೊಳೆಸಿ, ಎದ್ದ ಚಕ್ಕೆಗಳನ್ನು ಒದ್ದೆ ಮಾಡಿಯೇ ತೆಗೆಸಿ, ಒದ್ದೆಯಲ್ಲೇ ಹಗುರಕ್ಕೆ ಉಜ್ಜಿಸಿ, ಒರೆಸಿದ ಬಟ್ಟೆಯನ್ನೂ ಚಕ್ಕೆಯನ್ನೂ ಹಿತ್ತಲ ತಿಪ್ಪೆಗೆ ಎಸೆಯದೆ ಚೀಲದಲ್ಲಿ ಕಟ್ಟಿಸಿ. ಆ ದಿನಗಳಲ್ಲಿ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ. ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಸೀಸವಿಲ್ಲವೆಂದು ಡಬ್ಬದ ಮೇಲೆ ಬರೆದಿರುವ ಬಣ್ಣ, ನಿಮಗೆ ಮೆಚ್ಚಿದ್ದು, ಗಿಳಿಹಸಿರಾದರೂ ಸರಿ. ಒಳಹಲಗೆಯನ್ನು ಹಳಬರು ಬಿಟ್ಟಂತೆ ಬಿಡಿ. ಬಿಜಾಗರಿಯ ಮಗ್ಗುಲಲ್ಲಿ ಎರಡು ಬೆರಳಗಲ ಜಾಗಕ್ಕೆ ಮಾತ್ರ ಪೇಂಟರನ ಕುಂಚ ತಾಗದಂತೆ ನೋಡಿಕೊಳ್ಳಿ. ಹಳೆಯ ಪದರಗಳು ಮುಂದೆ ಆ ಮನೆಗೆ ಬರುವವರಿಗೂ ಬೇಕು.